ಇಳಿಯದ ಕಟಕಟೆ

ಅಪಾಯಕಾರಿ ವಸ್ತು ಯಾವುದೂ ನನ್ನ ಮನೆಯ ಹೊಸ್ತಿಲು ದಾಟಲಾರದು ಎಂದು ನಾನು ಘೋಷಿಸಿದ್ದು ಒಂದು ಶನಿವಾರ ಬೆಳಿಗ್ಗೆ, ಮಗಳ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಎದುರಿಗೆ. ಹಾಗೆ ಘೋಷಿಸುವ ಅಧಿಕಾರ ನನಗಿತ್ತು. ಪತ್ರಿಕೆಯ ಗ್ರಾಹಕರ ಪುಟಕ್ಕೆ ಬಹಳ ವರ್ಷಗಳಿಂದ ಬರೆಯುತ್ತಿದ್ದೇನೆ. ಸಿಡಿಯುವ ಕುಕ್ಕರು, ಹೊಗೆಯಾಡುವ ಚಾರ್ಜರು, ಕಣ್ಣು ಕಿತ್ತು ಬರುವ ಗೊಂಬೆ, ಎಲ್ಲವೂ ನನ್ನ ಲೇಖನಿಗೆ ಮಣಿದಿವೆ.

"ಮೊದಲು ಅಡುಗೆಮನೆ ನಲ್ಲಿ ಸೋರೋದನ್ನ ನಿಲ್ಸಿ," ಎಂದಳು ಹೆಂಡತಿ.

ಅಂದು ಹೊಸ್ತಿಲು ದಾಟಲಿದ್ದದ್ದು ತೊಟ್ಟಿಲು. ತೂಗುವಂಥದ್ದಲ್ಲ, ಸುತ್ತ ಕಟಕಟೆಯಿದ್ದು ನೆಲದ ಮೇಲೆ ನಿಲ್ಲುವಂಥದ್ದು. ನಮ್ಮ ಮೂರು ತಿಂಗಳ ಮಗಳನ್ನು ಮನೆಯಲ್ಲಿ 'ಸಂಪಾದಕಿ' ಎಂದು ಕರೆಯುತ್ತೇವೆ. ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸುತ್ತಾಳೆ, ಕೊಟ್ಟದ್ದನ್ನು ತಿರಸ್ಕರಿಸುತ್ತಾಳೆ, ಕಾರಣ ಹೇಳುವುದಿಲ್ಲ. ಅವಳು ನಮ್ಮಿಬ್ಬರ ನಡುವೆ ಮಲಗುತ್ತಿದ್ದಳು. ಎಲ್ಲಿ ನಾನು ಅವಳ ಮೇಲೆ ಹೊರಳುತ್ತೇನೋ ಎಂಬ ಭಯಕ್ಕೆ ಹೆಂಡತಿ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

"ಇವತ್ತೊಂದು ರಾತ್ರಿ ಕಣ್ತುಂಬ ನಿದ್ದೆ ಮಾಡ್ಬೇಕು ನಾನು. ಅಷ್ಟೇ ಕೇಳೋದು."

ತೊಟ್ಟಿಲು ಅವಳ ಅಕ್ಕನದು. ಅವರ ಮಗ ಅದರಲ್ಲಿ ಮಲಗಿ ಬೆಳೆದು ಈಗ ಶಿಶುವಿಹಾರಕ್ಕೆ ಹೋಗುತ್ತಾನೆ. ಬಿಡಿಭಾಗಗಳಿದ್ದ ಪೆಟ್ಟಿಗೆಯನ್ನು ಅಕ್ಕ ತಾವೇ ತಂದಿಳಿಸಿ, "ಜೋಪಾನ ಕಣ್ರೀ, ಎರಡನೇದಕ್ಕೆ ನಂಗೇ ಬೇಕಾಗುತ್ತೆ," ಎಂದು ಹೇಳಿ ಹೋದರು.

ನಾನು ಜೋಡಿಸಿದೆ. ಆಮೇಲೆ ತನಿಖೆ ಶುರು. ಕಂಬಿಗಳ ನಡುವೆ ತಂಪು ಪಾನೀಯದ ಡಬ್ಬಿ ತೂರಿಸಲು ನೋಡಿದೆ, ತೂರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಎರಡು ಬೆರಳು ಇಳಿಸಲು ನೋಡಿದೆ, ಇಳಿಯಲಿಲ್ಲ. ಇನ್ನು ಶಹಬ್ಬಾಸ್ ಎನ್ನಬೇಕು, ಅಷ್ಟರಲ್ಲಿ ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆ ಕಣ್ಣಿಗೆ ಬಿತ್ತು.

ಆ ಸಂಖ್ಯೆ ನನಗೆ ಬಾಯಿಪಾಠ. ಹಿಂದಿನ ವರ್ಷ ನಾನೇ ಬರೆದಿದ್ದೆ. ಆ ಮಾದರಿಯಲ್ಲಿ ಒಂದು ಬದಿಯ ಕಟಕಟೆ ಕೆಳಕ್ಕೆ ಜಾರುತ್ತದೆ. ಕೊಂಡಿ ಸವೆದರೆ ಕಟಕಟೆ ಓರೆಯಾಗಿ, ಆ ಸಂದಿಯಲ್ಲಿ ಮಗು ಸಿಕ್ಕಿಕೊಳ್ಳಬಹುದು. ಕಂಪನಿ ಅಂಥವನ್ನೆಲ್ಲ ವಾಪಸು ಕರೆದಿತ್ತು. ಬೇರೆ ಯಾರೂ ಬಳಸದಂತೆ ಕಟಕಟೆಯನ್ನು ಕೊಯ್ದು, ಫೋಟೊ ಕಳಿಸಿದರೆ ಹೊಸದು ಕೊಡುತ್ತಿತ್ತು.

ಕಟಕಟೆಯನ್ನು ಹಿಡಿದು ಕೆಳಕ್ಕೆ ಒತ್ತಿದೆ. ಜಗ್ಗಲಿಲ್ಲ. ಇಡೀ ಮೈಭಾರ ಹಾಕಿದೆ. ಊಹೂಂ.

"ನೋಡಿದ್ಯಾ? ಸಿಕ್ಕಿಹಾಕ್ಕೊಂಡಿದೆ. ಕೊಂಡಿ ಕೆಟ್ಟಿದೆ."

"ಅಲ್ಲ ರೀ, ಅಕ್ಕನ್ನ ಒಂದು ಮಾತು ಕೇಳ್ಬಾರ್ದಾ?"

"ಅಪಾಯಕ್ಕೆ ಅಕ್ಕ, ಭಾವ ಅಂತೆಲ್ಲ ದಾಕ್ಷಿಣ್ಯ ಇರಲ್ಲ," ಎಂದು ಗರಗಸ ತಂದೆ.

ಕೆಟ್ಟ ತೊಟ್ಟಿಲಿನ ಮರ ಅಷ್ಟೊಂದು ಗಟ್ಟಿಯಾಗಿದ್ದದ್ದು ನನಗೆ ಸ್ವಲ್ಪ ವಿಚಿತ್ರವೆನಿಸಿತು. ಆದರೂ ಬಿಡಲಿಲ್ಲ. ಎರಡು ತುಂಡಾದ ಕಟಕಟೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಕಂಪನಿಗೆ ಕಳಿಸಿದೆ. ಬಳಿಕ ಅಕ್ಕನಿಗೆ ಫೋನ್ ಮಾಡಿ, ಹೆಂಡತಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಅಕ್ಕಾ, ಗಾಬರಿ ಆಗ್ಬೇಡಿ. ಆ ತೊಟ್ಟಿಲನ್ನ ಕಂಪನಿಯವರು ವಾಪಸ್ ಕರೆದಿದಾರೆ."

"ಗೊತ್ತಲ್ಲ. ನಿಮ್ಮ ಲೇಖನ ಓದೇ ನಾನು ಹಳೇದನ್ನ ಕೊಯ್ಸಿ ಫೋಟೊ ಕಳ್ಸಿದ್ದು. ಅವ್ರು ಹೊಸದು ಕೊಟ್ರು. ಅದೇ ಈಗ ನಿಮ್ಮನೇಲಿರೋದು."

"ಪೆಟ್ಟಿಗೆ ಮೇಲೆ ಹಳೇ ನಂಬರಿದೆ?"

"ಪೆಟ್ಟಿಗೆ ಹಳೇದೇ. ಹೊಸ ಪೆಟ್ಟಿಗೇಲಿ ಮಗರಾಯ ಮನೆ ಮಾಡ್ಕೊಂಡಿದಾನೆ, ಖಾಲಿ ಮಾಡಲ್ಲ ಅಂತಾನೆ. ಅಲ್ಲ, ಪೆಟ್ಟಿಗೆ ನಂಬ್ಬೇಡಿ, ತೊಟ್ಟಿಲಿನ ತಳದಲ್ಲಿರೋ ಚೀಟಿ ನೋಡಿ ಅಂತ ನೀವೇ ಬರೆದಿದ್ರಲ್ಲ?"

"ಅದು ಓದುಗರಿಗೆ ಬರೆದದ್ದು," ಎಂದೆ. ದನಿ ಸಣ್ಣಗಾಗಿತ್ತು. "ಮತ್ತೆ ಕಟಕಟೆ ಇಳಿಯೋದೇ ಇಲ್ವಲ್ಲ ಅಕ್ಕಾ?"

"ಇಳೀಬಾರ್ದು ಅಂತಾನೇ ಹೊಸದು ಮಾಡಿರೋದು. ಯಾಕೆ? ಏನ್ಮಾಡಿದ್ರಿ?"

ಹೆಂಡತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. "ಅಕ್ಕಾ, ನೀನು ಮೊದಲು ಕೂತ್ಕೋ."

ಸಂಜೆಯೊಳಗೆ ಕಂಪನಿಯ ಉತ್ತರವೂ ಬಂತು. ಫೋಟೊದಲ್ಲಿರುವುದು ತಮ್ಮ ಸುರಕ್ಷಿತ ಮಾದರಿ, ಆದ್ದರಿಂದ ಬದಲಿ ಕೊಡಲು ಬರುವುದಿಲ್ಲ. ಆದರೆ ಈಗಿನ ಸ್ಥಿತಿಯಲ್ಲಿ ಅದು ಮಗುವಿಗೆ ಅಪಾಯಕಾರಿ, ದಯವಿಟ್ಟು ಬಳಸಬೇಡಿ. ಆ ಮಾದರಿಯ ಏಕೈಕ ಅಪಾಯಕಾರಿ ತೊಟ್ಟಿಲು ನನ್ನ ಮನೆಯಲ್ಲೇ ತಯಾರಾಗಿತ್ತು.

ಅಂಟು ಹಚ್ಚಿ ಹಗ್ಗ ಬಿಗಿದರೆ ಹೇಗೆ ಎಂದು ಕೇಳಿದೆ. ಹೆಂಡತಿ ನನ್ನನ್ನು ನೋಡಿದಳು. ಪ್ರಸ್ತಾಪವನ್ನು ಹಿಂಪಡೆದೆ.

ಅಂಗಡಿ ಬಾಗಿಲು ಹಾಕುವ ಮುಂಚೆ ಮೂವರೂ ಅಲ್ಲಿದ್ದೆವು. ಹೆಂಡತಿ ಅದೇ ಸುರಕ್ಷಿತ ಮಾದರಿಯ ತೊಟ್ಟಿಲನ್ನು ಹುಡುಕಿ, ಅದರಡಿಯಲ್ಲಿ ನನ್ನನ್ನು ಅಂಗಾತ ಮಲಗಿಸಿ, ತಳದ ಚೀಟಿಯನ್ನು ಗಟ್ಟಿಯಾಗಿ ಓದಿಸಿದಳು. "ಇನ್ನೊಂದ್ಸಲ ಓದಿ," ಎಂದಳು. ಅಂಗಡಿಯವರು ಕೆಲಸ ಬಿಟ್ಟು ಕೇಳಿಸಿಕೊಂಡರು. ಮನೆಗೆ ಬಂದಮೇಲೆ ಅವಳೇ ಜೋಡಿಸಿದಳು. ಬೆಳಕು ಹಿಡಿಯುವ ಕೆಲಸ ಮಾತ್ರ ನನಗೆ ಸಿಕ್ಕಿತು. ಸಂಪಾದಕಿ ಹೊಸ ತೊಟ್ಟಿಲನ್ನು ತಿದ್ದುಪಡಿಯಿಲ್ಲದೆ ಅಂಗೀಕರಿಸಿದಳು. ಹೆಂಡತಿ ಬೆಳಗಾಗುವವರೆಗೆ ಮಗ್ಗುಲು ಬದಲಿಸಲಿಲ್ಲ.

ಬೆಳಿಗ್ಗೆ, ಪ್ರಾಯಶ್ಚಿತ್ತವಾಗಿ ನಲ್ಲಿಯನ್ನಾದರೂ ರಿಪೇರಿ ಮಾಡೋಣವೆಂದು ಸಲಕರಣೆ ಪೆಟ್ಟಿಗೆಯನ್ನು ಹುಡುಕಿದೆ. ಅದು ಬೀರುವಿನ ತುದಿಯಲ್ಲಿ, ಔಷಧಿಗಳ ಪಕ್ಕ ಇತ್ತು. ಸ್ಟೂಲು ಹತ್ತಿ ಇಳಿಸಿಕೊಂಡೆ. ಮೇಲೊಂದು ಚೀಟಿ, ಹೆಂಡತಿಯ ಅಕ್ಷರ: 'ಮಕ್ಕಳಿಗೂ ಮಕ್ಕಳ ಅಪ್ಪನಿಗೂ ಎಟುಕದಂತೆ ಇಡಿ.'

ಈ ಸಲ ಮೇಲಿನದನ್ನಷ್ಟೇ ನಂಬದೆ, ಪೆಟ್ಟಿಗೆಯನ್ನು ತಿರುಗಿಸಿ ತಳವನ್ನೂ ನೋಡಿದೆ.

ಅಲ್ಲೂ ಅಂಟಿಸಿದ್ದಳು.