ನಿನ್ನ ಮಗಳಿಗೆ ಹೇಳು

ನಮ್ಮ ಚಿಕ್ಕಪ್ಪನಷ್ಟು ಮಾತುಗಾರರು ನಾಗಮಂಗಲ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ. ಬೆಳ್ಳೂರು ಕ್ರಾಸಿನಲ್ಲಿ ಅವರು ಮಾತಿಗೆ ನಿಂತರೆಂದರೆ ಅವರ ಬಸ್ಸಷ್ಟೇ ಅಲ್ಲ, ಕೇಳುತ್ತ ನಿಂತವರ ಬಸ್ಸುಗಳೂ ಹೋಗಿಬಿಡುತ್ತಿದ್ದವು! ಇಂಥವರಿಗೆ ಮಾತು ಹೊರಡದಿದ್ದದ್ದು ಲೋಕದಲ್ಲಿ ಒಬ್ಬರೆದುರು ಮಾತ್ರ: ಹದಿನಾರು ವರ್ಷದ ಸ್ವಂತ ಮಗಳು.

ಅವಳು ಲಂಗದಾವಣಿ ಉಟ್ಟ ದಿನದಿಂದ ಅವರು ನೇರವಾಗಿ ಮಾತಾಡುವುದನ್ನು ನಿಲ್ಲಿಸಿದ್ದರು. ಕೋಪವೇನಲ್ಲ, ಬೆಳೆದ ಮಗಳೊಡನೆ ಅಪ್ಪ ಏನು ಮಾತಾಡುವುದು ಎಂಬ ಸಂಕೋಚ. ಹಾಗಾದರೆ ಸಂಸಾರ ನಡೆಯುವುದು ಹೇಗೆ? ಚಿಕ್ಕಮ್ಮ ಇದ್ದರಲ್ಲ!

"ಇವಳೇ, ನಿನ್ ಮಗಳಿಗೆ ಏಳು, ದೀಪದ ಹತ್ರ ಕೂತ್ಕಂಡು ಓದ್ಲಿ."

"ಅವ್ವಾ, ಅಪ್ಪಂಗೆ ಏಳು, ಓದಾಯ್ತು ಅಂತ."

ಮೂವರೂ ಕೂತಿರುತ್ತಿದ್ದದ್ದು ಒಂದೇ ಚಾಪೆಯ ಮೇಲೆ!

"ಇಬ್ರಿಗೂ ಕಿವಿ ಐತಲ್ಲ, ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದು ಚಿಕ್ಕಮ್ಮ ರೇಗುತ್ತಿದ್ದರು.

ಒಮ್ಮೆ ಚಿಕ್ಕಮ್ಮ ಪಾಂಡವಪುರಕ್ಕೆ ಮದುವೆಗೆ ಹೋಗಿದ್ದಾಗ, ಮಗಳು ಒಲೆಯ ಮೇಲೆ ಅನ್ನ ಇಟ್ಟು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅನ್ನ ಸೀಯುವ ವಾಸನೆ ಬಂತು. ಚಿಕ್ಕಪ್ಪ ಏನು ಮಾಡಿದರು? ಪಕ್ಕದ ಮನೆಯ ಅಜ್ಜಿಯನ್ನು ಹುಡುಕಿಕೊಂಡು ಹೋಗಿ, "ನಮ್ಮ ಹುಡುಗಿಗೆ ಅನ್ನ ಇಳಿಸು ಅಂತ ಏಳವ್ವ" ಎಂದರು. ಅಜ್ಜಿ ಕೋಲೂರಿಕೊಂಡು ತಲುಪುವ ಹೊತ್ತಿಗೆ ಅನ್ನ ಇದ್ದಿಲಾಗಿತ್ತು!

ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದ ಚಿಕ್ಕಮ್ಮ ಮತ್ತೆ ಏಳಲಿಲ್ಲ.

ಆ ಮನೆಯ ಮೌನವನ್ನು ಹೇಗೆ ವರ್ಣಿಸಲಿ? ಚಿಕ್ಕಪ್ಪ ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತ, ಮಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ಪರೀಕ್ಷೆ ಹತ್ರ ಬಂತು ಕನೇ, ನಿದ್ದೆಗೆಟ್ಟು ಓದ್ಬ್ಯಾಡ" ಎನ್ನುತ್ತಿದ್ದರು. ಎಮ್ಮೆ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದರೆ ಖಂಡಿತ ಪಾಸಾಗುತ್ತಿತ್ತು!

ಎಂ.ಎ. ಮುಗಿಸಿ ಆ ಬೇಸಿಗೆಯಲ್ಲಿ ಅಲ್ಲಿಗೆ ಹೋದ ನನಗೆ, ಇಬ್ಬರ ನಡುವೆ ಮಾತು ದಾಟಿಸುವ ಎಮ್ಮೆಯ ಕೆಲಸ ಬಂತು. ಅದೇ ವಾರ ಚಿಕ್ಕಮ್ಮನ ಅಕ್ಕ ಶ್ರೀರಂಗಪಟ್ಟಣದಿಂದ ಬಂದರು. "ಹೆಂಗಸಿಲ್ಲದ ಮನೇಲಿ ವಯಸ್ಸಿಗೆ ಬಂದ ಹೆಣ್ಣು ಯಾಕಿರ್ಬೇಕು? ನಮ್ಮಲ್ಲೇ ಇದ್ದು ಕಾಲೇಜಿಗೆ ಹೋಗ್ಲಿ" ಎಂದರು. ಚಿಕ್ಕಪ್ಪ ಎದ್ದು ಕೊಟ್ಟಿಗೆಗೆ ಹೋದರು. ನನ್ನನ್ನು ಕರೆದು, "ಅಲ್ಲಿ ಕಾವೇರಿ ಸೆಳೆತ ಜಾಸ್ತಿ. ಒಳೆಗೆ ಇಳೀಬ್ಯಾಡ ಅಂತ ಅವಳಿಗೆ ಏಳವ್ವ" ಎಂದರು.

ಹೇಳಿದೆ. ಅವಳು ಬಟ್ಟೆ ಮಡಿಸುತ್ತಲೇ, "ಇರು ಅಂತ ಒಂದ್ಮಾತು ಅಂದ್ರೆ ನಾನ್ಯಾಕೆ ಓಗ್ಲಿ ಅಕ್ಕಾ? ಇದನ್ನ ಮಾತ್ರ ಅಪ್ಪಂಗೆ ಏಳ್ಬ್ಯಾಡ" ಎಂದಳು.

ಹೊರಡುವ ಬೆಳಿಗ್ಗೆ ಅವಳ ಚೀಲ ಹೊಸ್ತಿಲ ಹತ್ತಿರ ಇತ್ತು. ಶ್ರೀರಂಗಪಟ್ಟಣದ ದೊಡ್ಡಮ್ಮ ಜಗಲಿಯಲ್ಲಿ ಕಾಯುತ್ತಿದ್ದರು. ಒಳಗೆ ಚಿಕ್ಕಪ್ಪ ತಟ್ಟೆಯ ಮುಂದೆ ಕೂತಿದ್ದರು.

"ಅಕ್ಕಾ, ನಾನು ಓಗ್ಲಾ ಅಂತ ಅಪ್ಪನ್ನ ಕೇಳು."

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ತಲೆ ಎತ್ತದೆ, "ನನ್ನೇನ್ ಕೇಳೋದು, ಅವರವ್ವನ್ನ ಕೇಳು ಅನ್ನು" ಎಂದರು.

ಅವರ ಕೈ ತಟ್ಟೆಯ ಮೇಲೇ ನಿಂತಿತು. ಒಲೆಯ ಕಡೆ ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಮಗಳ ಕಡೆ ತಿರುಗಿ, ಅವಳ ಮುಖವನ್ನೇ ನೋಡಿ ಹೇಳಿದರು:

"ನಿಮ್ಮವ್ವ ಇಲ್ಲ ಕನವ್ವ."

"ಗೊತ್ತು ಕನಪ್ಪ. ಅದ್ಕೇ ನಿನ್ನ ಕೇಳ್ತಿರೋದು."

"ಓಗ್ಬ್ಯಾಡ."

ಚಿಕ್ಕಮ್ಮ ತೀರಿಕೊಂಡ ದಿನ ಒಬ್ಬರು ಕೊಟ್ಟಿಗೆಯಲ್ಲಿ, ಒಬ್ಬಳು ಹಿತ್ತಲಿನಲ್ಲಿ ಅತ್ತಿದ್ದರಂತೆ. ಈ ಬೆಳಿಗ್ಗೆ ಇಬ್ಬರೂ ಒಂದೇ ಕಡೆ ಕೂತು ಅತ್ತರು.