ಒಂಟೆಯ ತುಟಿ ಓದಿದ್ದು

ಖಟಕ್-ಖಟಾ, ಖಟಕ್-ಖಟಾ, ಖಟಕ್-ಖಟಾ.

ಬನಹಟ್ಟಿಗೆ ಸೊಸೆಯಾಗಿ ಬಂದ ದಿನ ನನ್ನ ಕಿವಿಗೆ ಬಿದ್ದ ಮೊದಲ ಸದ್ದು ಇದು. ಮನೆಯ ಹಿಂದೆಯೇ ಶೆಡ್ಡು, ಶೆಡ್ಡಿನಲ್ಲಿ ಎಂಟು ಪವರ್‌ಲೂಮ್ ಮಗ್ಗ. ನಾನೋ ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. 'ಸೈಲೆನ್ಸ್ ಈಸ್ ಗೋಲ್ಡನ್' ಎಂದು ಗೋಡೆಗೆ ಬರೆದಿದ್ದ ಹಾಸ್ಟೆಲಿನಲ್ಲಿ ಎಂಟು ವರ್ಷ ಕಳೆದವಳು. ಇಲ್ಲಿ ಗೋಲ್ಡ್ ಇತ್ತೋ ಇಲ್ಲವೋ, ಸೈಲೆನ್ಸ್ ಮಾತ್ರ ಇರಲಿಲ್ಲ! ಮೊದಲ ವಾರವೆಲ್ಲ ಮಗ್ಗದ ನಡುವೆ ನಿಂತು "ಎಕ್ಸ್‌ಕ್ಯೂಜ್ ಮಿ" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಯಾರೂ ಎಕ್ಸ್‌ಕ್ಯೂಜ್ ಮಾಡಲಿಲ್ಲ.

ಆಗ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದವಳು ಕಸ್ತೂರಕ್ಕ. ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ.

"ಏ ಮೇಡಮ್ಮಾ, ಮಗ್ಗದ ಮನ್ಯಾಗ ಕಿವೀಲೆ ಕೇಳೂದಲ್ಲ, ಕಣ್ಣೀಲೆ ಕೇಳೂದು. ನನ್ನ ತುಟಿ ನೋಡು, ಸಾಕು."

ನಮ್ಮ ಕಡೆ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಇದು ಹುಟ್ಟಿನಿಂದ ಬಂದ ವಿದ್ಯೆ. ಬಾಯಿ ಆಡಿಸುತ್ತಾರೆ, ದನಿ ಹೊರಡಿಸುವುದಿಲ್ಲ. ಹೇಗೂ ಕೇಳುವುದಿಲ್ಲವಲ್ಲ, ದಂಡ ಯಾಕೆ? ಆರು ತಿಂಗಳಲ್ಲಿ ನಾನೂ ಕಲಿತೆ. ಶೆಡ್ಡಿನ ಆ ತುದಿಯಲ್ಲಿ ಕಸ್ತೂರಕ್ಕ ಕಂಡಿಕೆಗೆ ನೂಲು ಸುತ್ತುತ್ತ ಕೂತಿರುತ್ತಿದ್ದಳು, ಈ ತುದಿಯಲ್ಲಿ ನಾನು, ನಡುವೆ ಬೆನ್ನು ತೋರಿಸಿ ನಿಂತ ಅತ್ತೆ. ಆ ಬೆನ್ನಿನ ಮೇಲಿಂದಲೇ ಕಸ್ತೂರಕ್ಕ ನನಗೆ ಅತ್ತೆಯ ವಿಷಯವನ್ನು ಸವಿಸ್ತಾರವಾಗಿ ಹೇಳುತ್ತಿದ್ದಳು! ಅತ್ತೆ ತಟ್ಟನೆ ತಿರುಗಿದರೆ ಕಸ್ತೂರಕ್ಕನ ತುಟಿಯಲ್ಲಿ ಸ್ತೋತ್ರ. ನನಗೆ ಮಾತ್ರ ನಗು ತಡೆಯಲಾಗದೆ ಬೈಗುಳ. ನಗುವುದಕ್ಕೂ ಆಕೆಯದೇ ಪದ್ಧತಿ: ಸೆರಗು ಬಾಯಿಗೆ, ಭುಜ ಎರಡೂ ಗಡಗಡ, ಸದ್ದು ಸೊನ್ನೆ.

ಆಕೆಗೆ ಒಂದೇ ಒಂದು ಚಟ, ಎಲೆಅಡಿಕೆ. ಅದಕ್ಕೂ ಒಂದು ರೂಲ್ ಇತ್ತು. "ಎಲಿ ಬಾಯಾಗಿದ್ದಾಗ ನಾ ಮಾತಾಡಂಗಿಲ್ಲ ನೋಡು. ಅಗಿಯೂದ್ಯಾವುದು, ಆಡೂದ್ಯಾವುದು, ನಿನಗ ತಿಳಿಯಂಗಿಲ್ಲ. ಹುಚ್ಚಿ ಅದೀ." ಎಂಥ ದೊಡ್ಡ ವೈಯಾಕರಣಿಯೂ ಇಷ್ಟು ಸ್ಪಷ್ಟವಾಗಿ ನಿಯಮ ಮಾಡಿಲ್ಲ.

ಮುಂದೆ ಅಣ್ಣತಮ್ಮಂದಿರು ಪಾಲಾದರು. ಶೆಡ್ಡಿನ ನಡುವೆ ಗೋಡೆ ಎದ್ದಿತು, ಆ ಕಡೆ ನಾಲ್ಕು ಮಗ್ಗ, ಈ ಕಡೆ ನಾಲ್ಕು. ಗೋಡೆಯ ಆಚೆಗಿನ ತುಟಿಯನ್ನು ಓದುವ ವಿದ್ಯೆ ಯಾರೂ ಕಲಿಸಿರಲಿಲ್ಲ. ಕೆಲವು ವರ್ಷದ ಮೇಲೆ ಕಸ್ತೂರಕ್ಕ ತನ್ನ ನಾಲ್ಕು ಮಗ್ಗ ಮಾರಿ, ತೇರದಾಳದ ಮಗಳ ಮನೆಗೆ ಹೊರಟಳು. ಆವತ್ತು ನಾನು ಬಾಗಿಲಲ್ಲಿ ನಿಂತಿದ್ದೆ. ಏನೋ ಹೇಳಬೇಕಿತ್ತು. ಎರಡು ಭಾಷೆ ಬಲ್ಲ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಇರಲಿ, ನನ್ನ ಫಜೀತಿಯ, ಅಂದರೆ ಫಿಯಾಸ್ಕೋದ ಕಥೆಗೆ ಬರುತ್ತೇನೆ.

ಹೋದ ಬೇಸಿಗೆಯಲ್ಲಿ ಕಸ್ತೂರಕ್ಕನ ಮಗಳು ಸಂತೆಗೆ ಬಂದಾಗ ಹೇಳಿದಳು: "ಚಿಗವ್ವಾ, ಅವ್ವಗ ಈಗ ಏನೂ ಕೇಳಸಂಗಿಲ್ಲ. ಎಲ್ಲಾರೂ ಕಿವ್ಯಾಗ ಒದರ್ತಾರಂತ ಸಿಟ್ಟಿಗೆದ್ದು ಯಾರ ಜೋಡೀನೂ ಕೂಡಂಗಿಲ್ಲ. ನಗೂದಂತೂ ಬಿಟ್ಟ ಬಿಟ್ಟಾಳ."

ಕಸ್ತೂರಕ್ಕ ನಗುವುದಿಲ್ಲವೇ? ಇಂಪಾಸಿಬಲ್! ಆ ಕ್ಷಣವೇ ಪ್ರತಿಜ್ಞೆ ಮಾಡಿದೆ: ಆಕೆಯನ್ನು ಎರಡು ದಿನ ಕರೆಸಿಕೊಳ್ಳಬೇಕು, ಸೆರಗು ಬಾಯಿಗೆ ಹೋಗುವಂತೆ ಒಮ್ಮೆ ನಗಿಸಿಯೇ ಕಳಿಸಬೇಕು. ನನ್ನ ಕಿವಿಯೂ ಮಗ್ಗಕ್ಕೆ ಆಹುತಿಯಾದದ್ದೇ. ಆದರೆ ಮಗ ಕೊಡಿಸಿದ ಕಿವಿಯ ಮಷೀನು ಇದೆ. ಹಾಕಿಕೊಂಡರೆ ಸಾಧಾರಣ ಮನುಷ್ಯಳು.

ನಗಿಸುವುದು ಹೇಗೆ? ಮೊಮ್ಮಗಳು ಸಾನಿಕಾಳನ್ನು ಕೇಳಿದೆ. ಒಂಬತ್ತು ವರ್ಷದವಳು, ಆದರೆ ಇಂಥ ವಿಷಯದಲ್ಲಿ ನಮ್ಮ ಮನೆಯ ಕನ್ಸಲ್ಟಂಟ್.

"ಆಯಿ, ಒಂಟಿ ಫ್ಯಾಮಿಲೀದು ಒಂದು ಕಾರ್ಟೂನ್ ಪಿಕ್ಚರ್ ಐತಿ. ನಕ್ಕ ನಕ್ಕ ಹೊಟ್ಟಿ ನೋಯಿಸ್ಕೋತೀರಿ ಇಬ್ರೂ."

"ಕಾರ್ಟೂನು ಸಣ್ಣ ಹುಡುಗರಿಗೆ ಅಲ್ಲೇನ?"

"ಅಲ್ಲ ಆಯಿ! ಇದು ಫ್ಯಾಮಿಲಿ ಕಾಮಿಡಿ."

ಇಲ್ಲಿ ಒಂದು ಕನ್‌ಫೆಶನ್. ನಾನು ಹುಟ್ಟಿದಾಗಿನಿಂದ ಒಂದೇ ಒಂದು ಕಾರ್ಟೂನ್ ಪಿಕ್ಚರ್ ನೋಡಿದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ವರ್ಷಕ್ಕೊಮ್ಮೆ ಪರದೆ ಕಟ್ಟಿ ತೋರಿಸುತ್ತಿದ್ದದ್ದು ಹಲ್ಲುಜ್ಜುವ ಸರಿಯಾದ ಕ್ರಮವನ್ನು. ಆದರೆ ಹೇಳಿಕೊಂಡರೆ ಮರ್ಯಾದೆ ಏನಾಗಬೇಕು? "ಹೂಂ, ಗೊತ್ತೈತಿ, ಕಾಮಿಡಿ" ಅಂದೆ.

ಭಾನುವಾರ ಮಧ್ಯಾಹ್ನ. ಕಸ್ತೂರಕ್ಕ ಹಿಂದಿನ ದಿನವೇ ಬಂದಿದ್ದಳು. ಸಣ್ಣಗಾಗಿದ್ದಳು. ನನ್ನ ಸೊಸೆ ಪ್ರೀತಿಯಿಂದ ಆಕೆಯ ಕಿವಿಯಲ್ಲಿ "ಊಟ ಆತೇನ್ರೀ" ಎಂದು ಓಣಿಗೇ ಕೇಳುವಂತೆ ಕೂಗಿದರೆ, ಮುಖ ತಿರುಗಿಸಿ ಕೂತಳು. ಟಿವಿಯ ಮುಂದೆ ಹಾಸಿಗೆ ಹಾಸಿ ಆಕೆಯನ್ನು ಕೂಡಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ನೀಲವ್ವ "ಏನ್ ನಡಸೀರಿ ಬೇ ಅಕ್ಕಗೋಳ್ರಾ" ಎಂದು ಬಂದು, ಉತ್ತರ ಸಿಗುವ ಮೊದಲೇ ಕೂತಳು. ನೀಲವ್ವನ ಕಿವಿ ಬೆಕ್ಕಿನ ಕಿವಿ. ಆದರೆ ಇಂಗ್ಲಿಷ್ ನಾಸ್ತಿ.

ಸಾನಿಕಾ ಪಿಕ್ಚರ್ ಹಚ್ಚುತ್ತ ಕೇಳಿದಳು: "ಆಯಿ, ಇಂಗ್ಲಿಷ್ ಐತಿ. ಕೆಳಗ ಅಕ್ಷರ ಬರ್ತಾವು, ಹಚ್ಚಲೇನು?"

ನಾನು ಎದೆ ಸೆಟೆಸಿದೆ. "ಅಕ್ಷರ? ನನಗ? ಎಲೊಕ್ಯೂಶನ್‌ದಾಗ ಫಸ್ಟ್ ಪ್ರೈಜ್ ತಗೊಂಡಾಕಿಗೆ? ನೀ ಡಾನ್ಸ್ ಕ್ಲಾಸಿಗೆ ಹೋಗು. ನಾ ಇವರಿಗೆ ಎಲ್ಲಾ ಟ್ರಾನ್ಸ್‌ಲೇಟ್ ಮಾಡಿ ಹೇಳ್ತೀನಿ."

ಕೇಡು ಹೀಗೆಯೇ ಬರುವುದು, ಫಸ್ಟ್ ಪ್ರೈಜ್ ಹಿಡಿದುಕೊಂಡು.

ವ್ಯವಸ್ಥೆ ಸರಳ. ನಾನು ಇಂಗ್ಲಿಷ್ ಕೇಳಿ, ಬಾಯಿಬಿಟ್ಟು ಕನ್ನಡದಲ್ಲಿ ಹೇಳುವುದು. ನೀಲವ್ವ ಕಿವಿಯಿಂದ ಕೇಳುವುದು, ಕಸ್ತೂರಕ್ಕ ನನ್ನ ತುಟಿ ನೋಡುವುದು. ಪಿಕ್ಚರ್ ಶುರುವಾಯಿತು. ಬಣ್ಣಬಣ್ಣದ ಒಂಟೆಗಳು. ಟೋಪಿ ಹಾಕಿದ್ದೊಂದು, ಕೊರಳಿಗೆ ಟವೆಲ್ ಸುತ್ತಿದ್ದೊಂದು, ಸಣ್ಣವು ಮೂರು. ಎಲ್ಲ ಒಂದು ವ್ಯಾನ್ ಹತ್ತಿದವು. ಟೋಪಿ ಒಂಟೆ ಬಾಯಿ ತೆರೆಯಿತು. ಶಿವನೇ! ಅದು ಯಾವ ಇಂಗ್ಲಿಷು? ನಮ್ಮ ಸಿಸ್ಟರ್ ಒಂದು ವಾಕ್ಯಕ್ಕೆ ತೆಗೆದುಕೊಳ್ಳುತ್ತಿದ್ದ ಸಮಯದಲ್ಲಿ ಈ ಪ್ರಾಣಿ ಒಂದು ಪುಟ ಹೇಳಿ ಮುಗಿಸಿತು.

"ಏನಂತ?" ಅಂದಳು ನೀಲವ್ವ.

"ಗುಡ್ ಮಾರ್ನಿಂಗ್ ಅಂತ" ಅಂದೆ.

"ಅಷ್ಟು ಉದ್ದ?"

"ಅವರದು ಸಂಸ್ಕಾರವಂತರ ಮನಿ."

ಆಗಲೇ ನನ್ನ ಕಿವಿಯ ಮಷೀನು 'ಕುಂಯ್' ಎಂದು ಒಮ್ಮೆ ಅತ್ತು ಪ್ರಾಣ ಬಿಟ್ಟಿತು. ಸೆಲ್ ಮುಗಿದಿತ್ತು. ಹೊಸ ಸೆಲ್ ಮನೆಯಲ್ಲಿ ಇರಲಿಲ್ಲ. ಎದ್ದು 'ನನಗೆ ಕೇಳುತ್ತಿಲ್ಲ' ಎಂದು ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಸ್ತೂರಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ಎಷ್ಟೋ ವರ್ಷದ ಮೇಲೆ, ಶೆಡ್ಡಿನ ಆ ತುದಿಯಿಂದ ನೋಡುತ್ತಿದ್ದ ಹಾಗೆ.

ಹೆದರುವುದೇಕೆ? ಕಿವಿ ಹೋದರೆ ಕಣ್ಣಿದೆ. ಒಂಟೆಯ ತುಟಿ ನೋಡಿದೆ. ಆಹಾ! ಮೇಲಿನ ತುಟಿ ಒಂದು ಹಾಸಿಗೆ, ಕೆಳಗಿನದು ಒಂದು ಕಂಬಳಿ. ಮನುಷ್ಯರ ತುಟಿ ಪತ್ರಿಕೆಯ ಸಣ್ಣ ಅಕ್ಷರವಾದರೆ ಇದು ಅಂಗಡಿಯ ಬೋರ್ಡು! ಓದಲು ಇದಕ್ಕಿಂತ ದಪ್ಪ ಅಕ್ಷರ ಬೇಕೇ? ಕನ್ನಡಕ ಒರೆಸಿಕೊಂಡು ಓದತೊಡಗಿದೆ.

"ಟೋಪಿದಾಕಿ ಅಂತಾಳ, ನನಗ ಈ ಮನ್ಯಾಗ ಸಾಕಾತು ಅಂತ" ಅಂದೆ.

"ಟೋಪಿದು ಹೆಣ್ಣೇನ್ರೀ?" ನೀಲವ್ವನ ತುಟಿಯಲ್ಲಿ ಸಂಶಯ ಓದಿದೆ.

"ಹೆಣ್ಣ. ಹಿರೇ ಸೊಸಿ. ಟವೆಲ್‌ದಾಕಿ ಸಣ್ಣ ಸೊಸಿ. ಇಬ್ರೂ ನೆಗೆಣ್ಣ್ಯಾರು."

ಇದನ್ನು ನಾನು ಸುಳ್ಳು ಹೇಳಲಿಲ್ಲ, ಓದಿದೆ. ಆ ತುಟಿಗಳ ಮೇಲೆ ನನಗೆ ಹಾಗೆಯೇ ಕಂಡಿತು. ಟೋಪಿ ಒಂಟೆ ಬಾಯಿ ಆಡಿಸುವುದು, ಟವೆಲ್ ಒಂಟೆ ಆಡಿಸುವುದು, ಒಬ್ಬರನ್ನೊಬ್ಬರು ದಿಟ್ಟಿಸುವುದು. ಒಂದು ಕ್ಷಣವೂ ಬಾಯಿ ನಿಲ್ಲದು! ಎಂಥ ಮಾತುಗಾತಿಯರು ಅಂದುಕೊಂಡೆ. ಅನುವಾದ ಮಾಡಿ ಮಾಡಿ ನನ್ನ ದವಡೆ ನೋಯತೊಡಗಿತು. ಮನೆ ಪಾಲಾಗುತ್ತಿದೆ ಅಂದೆ. ಹಿರಿಯಳು ಮಗಳ ಊರಿಗೆ ಹೊರಟಿದ್ದಾಳೆ ಅಂದೆ. ಸಣ್ಣವಳು ಅಳುತ್ತಿದ್ದಾಳೆ ಅಂದೆ.

"ಅಳಾಕತ್ತಿಲ್ಲ ಬೇ, ಹಾಡಾಕತ್ತೈತಿ!" ನೀಲವ್ವ ನನ್ನ ಮೊಣಕಾಲು ತಟ್ಟಿದಳು. "ಡೋಲು ಬಡ್ಯಾಕತ್ತಾರ, ಪಿಪಾಣಿ ಊದಾಕತ್ತಾರ, ನಿಮಗ ಕೇಳಸವಲ್ದೇನು?"

"ಇಂಗ್ಲಿಷರು ದುಃಖ ಆದ್ರ ಹಾಡ್ತಾರ. ನಿನಗ ತಿಳಿಯಂಗಿಲ್ಲ, ಸುಮ್ಮ ಕೂಡು."

ಪರದೆಯ ಮೇಲೆ ಟೋಪಿ ಒಂಟೆ ನೀರಿನ ಮೇಲೆ ಅಂಗಾತ ಬಿತ್ತು. ನಾಲ್ಕೂ ಕಾಲು ಮೇಲೆ, ಕಣ್ಣು ಮುಚ್ಚಿದೆ.

"ಸತ್ತಳು" ಅಂದೆ. ನನ್ನ ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ನೀಲವ್ವನೂ ಲೊಚಗುಟ್ಟಿದಳು. ಕಣ್ಣೊರೆಸಲು ಸೆರಗು ಎಳೆದುಕೊಂಡೆ. ಸೆರಗಿನ ಜೊತೆ ರಿಮೋಟು ನನ್ನ ತೊಡೆಯ ಕೆಳಗೆ ಬಂತು. ನನ್ನ ಭಾರಕ್ಕೆ ಅದರ ಯಾವ ಗುಂಡಿ ಒತ್ತಿತೋ, ಪಿಕ್ಚರ್ ಹತ್ತು ನಿಮಿಷ ಹಿಂದಕ್ಕೆ ಹೋಯಿತು. ನನಗೇನು ಗೊತ್ತು? ನಾನು ಮುಂದಿನ ಕಥೆ ಎಂದೇ ಹೇಳುತ್ತ ಹೋದೆ. ಟೋಪಿ ಒಂಟೆ ಎದ್ದು ವ್ಯಾನ್ ಹತ್ತಿತು, ಡೋಲು ಬಂತು, ಮತ್ತೆ ನೀರು, ಮತ್ತೆ ಅಂಗಾತ.

"ಮತ್ತ ಸತ್ತಳು" ಅಂದೆ.

"ಒಮ್ಮಿ ಸತ್ತಾಕಿ ಎಷ್ಟ ಸಲ ಸಾಯ್ತಾಳ್ರೀ!" ನೀಲವ್ವ ರೇಗಿದಳು.

ಕಸ್ತೂರಕ್ಕನ ಕಡೆ ನೋಡಿದೆ. ನಗುವಿಲ್ಲ. ನಗಿಸಲು ಕರೆಸಿ, ಎರಡೆರಡು ಸಲ ಸಾವು ತೋರಿಸಿ ಕೂತಿದ್ದೆ! ಏನಾದರೂ ಹೇಳಬೇಕೆಂದು ಟವೆಲ್ ಒಂಟೆಯ ತುಟಿಗೆ ಕಣ್ಣು ಕೀಲಿಸಿದೆ. ಅದು ದಡದಲ್ಲಿ ನಿಂತು ನಿಧಾನವಾಗಿ ಬಾಯಿ ಆಡಿಸುತ್ತಿತ್ತು. ನಾನು ಓದಿದೆ, ಈ ಸಲ ದನಿ ಇಲ್ಲದೆ, ಬರೀ ತುಟಿಯಲ್ಲಿ, ಕಸ್ತೂರಕ್ಕನಿಗೆ ಮಾತ್ರ:

"ಸಣ್ಣಾಕಿ ಅಂತಾಳ, ಅಕ್ಕಾ, ನೀ ಹೋಗೂ ದಿನ ಹೋಗಬ್ಯಾಡ ಅಂತ ನಾ ಅನ್ನಬೇಕಿತ್ತು. ಬಾಯಿ ಬರಲಿಲ್ಲ."

ಬಾಗಿಲು ತೆರೆಯಿತು. ಸಾನಿಕಾ ಗೆಜ್ಜೆಯ ಚೀಲ ಎಸೆದು ಓಡಿಬಂದಳು. ನನ್ನ ಮುಖ ಬಾಡಿದ್ದನ್ನು ಕಂಡು, ಸೆಲ್ ಸತ್ತದ್ದನ್ನು ಹೇಗೋ ಅರಿತು, ನನ್ನೆದುರು ನಿಂತು ತುಟಿ ಬಿಡಿಸಿ ಬಿಡಿಸಿ ಕೇಳಿದಳು: "ಆಯಿ, ಕಾಮಿಡಿ ಹೆಂಗಿತ್ತು?"

"ಏನ್ ಕಾಮಿಡಿ ತಂಗಿ!" ನನಗಿಂತ ಮೊದಲು ನೀಲವ್ವ ವರದಿ ಒಪ್ಪಿಸಿದಳು. "ನೆಗೆಣ್ಣ್ಯಾರು ಪಾಲಾದ್ರಂತ, ಹಿರ್ಯಾಕಿ ಎರಡು ಸಲ ಸತ್ತಳಂತ!"

ಸಾನಿಕಾ ನೆಲದ ಮೇಲೆ ಉರುಳಿ ನಕ್ಕಳು. ಎದ್ದು ಕಣ್ಣೊರೆಸಿಕೊಂಡು ಬೆರಳು ಮಡಚಿ ಹೇಳಿದಳು: "ಆಯಿ, ಟೋಪಿದಾಂವ ಅಪ್ಪ! ಅವಂಗ ನೀರಂದ್ರ ಅಂಜಿಕಿ. ಟವೆಲ್‌ದಾಂವ ಸ್ವಿಮ್ಮಿಂಗ್ ಸರ್! ಅಪ್ಪ ಸತ್ತಿಲ್ಲ, ತೇಲೂದು ಕಲಿಯಾಕತ್ತಾನ!"

"ಮತ್ತ ಅಷ್ಟೊಂದು ಮಾತು?" ನಾನು ಬಿಟ್ಟುಕೊಡಲಿಲ್ಲ. "ಒಂದ ಸವನ ಬಾಯಿ ಆಡಸ್ತಿದ್ವಲ್ಲ?"

"ಒಂಟಿ ಆಯಿ ಅವು! ಮೆಲುಕು ಹಾಕ್ತಿದ್ವು!"

ಎಲೊಕ್ಯೂಶನ್ನಿನ ಫಸ್ಟ್ ಪ್ರೈಜ್ ಆವತ್ತು ವಾಪಸು ಹೋಯಿತು. ಎರಡು ತಾಸು ನಾನು ಒಂಟೆಗಳ ಜೀರ್ಣಕ್ರಿಯೆಯನ್ನು ಕನ್ನಡಕ್ಕೆ ಅನುವಾದಿಸಿದ್ದೆ.

ತಲೆ ತಗ್ಗಿಸಿ ಕೂತವಳ ಗದ್ದವನ್ನು ಯಾರೋ ಹಿಡಿದೆತ್ತಿದರು. ಕಸ್ತೂರಕ್ಕ. ಆಕೆಯ ತುಟಿ ಅಲುಗಿತು, ದನಿ ಇಲ್ಲ.

"ನನಗ ಮೊದ್ಲ ತಿಳದಿತ್ತು ಬೇ ಮೇಡಮ್ಮಾ, ಅವು ಮೆಲುಕು ಹಾಕಾಕತ್ತಾವಂತ."

"ಮತ್ತ ಯಾಕ ಸುಮ್ಮ ಕುಂತಿದ್ದಿ?" ನಾನೂ ತುಟಿಯಲ್ಲೇ ಕೇಳಿದೆ.

"ಒಂಟಿ ಯಾರ್ ನೋಡ್ಯಾರ? ನಾ ನಿನ್ನ ಬಾಯಿ ನೋಡ್ಕೋಂತ ಕುಂತಿದ್ನಿ. ಛಲೋ ಇತ್ತು ಪಿಕ್ಚರ್." ನನ್ನ ಗದ್ದ ಬಿಟ್ಟು, "ನನ್ನ ಮಾತ್ರ ಎರಡು ಸಲ ಕೊಂದಿ" ಅಂದಳು.

ಸೆರಗು ಬಾಯಿಗೆ ಹೋಯಿತು. ಭುಜ ಎರಡೂ ಗಡಗಡ ಅಲುಗಿದವು. ಸದ್ದು ಸೊನ್ನೆ. ನಾನೂ ಹಾಗೆಯೇ ನಕ್ಕೆ. ನೀಲವ್ವ ಮಾತ್ರ, "ಇವರಿಗೇನೋ ಆಗೈತಿ, ದನಿ ಇಲ್ಲದ ನಗಾಕತ್ತಾರ" ಎಂದು ಹೆದರಿ ನೀರು ತರಲು ಓಡಿದಳು.

ದೀಪಾವಳಿಗೆ ಕಸ್ತೂರಕ್ಕನ ಹಾದಿ ನೋಡುತ್ತ ನಾನು ಸೆಲ್‌ಗಳ ಒಂದು ಪೂರ್ತಿ ಪ್ಯಾಕೆಟ್ ತರಿಸಿಟ್ಟೆ. ಸಾನಿಕಾಳಿಗೆ ಹೇಳಿ ಕೆಳಗೆ ಅಕ್ಷರ ಬರುವ ಹಾಗೆ, ಅದೂ ಕನ್ನಡದಲ್ಲಿ, ಅದೇ ಒಂಟೆಯ ಪಿಕ್ಚರನ್ನು ರೆಡಿ ಮಾಡಿಸಿದೆ. ಆದರೆ ದೀಪಾವಳಿಗೆ ಎರಡು ವಾರ ಮೊದಲೇ ತೇರದಾಳದಿಂದ ಫೋನು ಬಂತು. ಕಿವಿಯಲ್ಲಿ ಮಷೀನು ಇತ್ತು. ಆವತ್ತು ಎಲ್ಲ ಸ್ಪಷ್ಟವಾಗಿ ಕೇಳಿಸಿತು.

ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು, ಆ ಒಂಟೆಗಳ ಮರುದಿನ, ಬನಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ. ಕಿಟಕಿಯ ಸೀಟು ಸಿಕ್ಕಿತ್ತು. ನಾನು ಕೆಳಗೆ ನಿಂತಿದ್ದೆ. ಬಸ್ಸು ಹೊರಟಾಗ ಆಕೆ ಕಿಟಕಿಗೆ ಮುಖ ತಂದಳು, ತುಟಿ ಅಲುಗಿದವು. ಹಾರ್ನು, ಜನ, ಕಂಡಕ್ಟರನ ಸೀಟಿ, ಯಾವುದೂ ನನಗೆ ಅಡ್ಡ ಬರಲಿಲ್ಲ. ಎಕ್ಸ್‌ಪರ್ಟ್ ಅಲ್ಲವೇ! ತಕ್ಷಣ ಓದಿದೆ: "ದೀಪಾವಳಿಗಿ ಬರ್ತೀನಿ ಬೇ." ಕೈ ಎತ್ತಿ, ತುಟಿ ಅಗಲಿಸಿ, "ಹೂಂ, ಹಾದಿ ನೋಡ್ತೀನಿ" ಅಂದೆ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಮನೆಯ ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು. ಬಸ್ಸು ಹತ್ತುವಾಗ ಆಕೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡಿದ್ದಳು.