ಬಾಗಿಲು ಮುಟ್ಟಬೇಡಿ, ವಾರಂಟಿ ಉಂಟು!

ನನ್ನನ್ನು ಏಮಾರಿಸುವ ಕಂಪೆನಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಎಂಬತ್ತಾರನೆಯ ಇಸವಿಯಲ್ಲಿ ಹೊಚ್ಚ ಹೊಸ ವ್ಯಾನಿನ ಕೀಲಿಕೈ ಕೈಗೆ ಬಂದ ದಿನ ನಾನು ಮನೆಮಂದಿಯ ಎದುರು ಹೀಗೆಂದು ಘೋಷಿಸಿದೆ. ಬಂಟ್ವಾಳದ ಕೋರ್ಟಿನಲ್ಲಿ ಕರಿಕೋಟು ಹಾಕಿ ಹಾಕಿ ಅದರ ಬಣ್ಣವನ್ನೇ ಮಾಸಿಸಿದ ವಕೀಲ ನಾನು. ಬೇರೆಯವರು ಗಾಡಿ ಕೊಂಡರೆ ಮೊದಲು ಹಾರನ್ ಒತ್ತಿ ನೋಡುತ್ತಾರೆ. ನಾನು ವಾರಂಟಿಯ ಪುಸ್ತಕವನ್ನು ಅಚ್ಚು ಹಾಕಿದ ಪ್ರೆಸ್ಸಿನ ಹೆಸರನ್ನೂ ಬಿಡದೆ ಓದಿದೆ.

"ಒಂದು ವರ್ಷ ಎಂತ ಹಾಳಾದ್ರೂ ಕಂಪೆನಿಯದ್ದೇ ಖರ್ಚು. ನಾವು ರಾಜರ ಹಾಗೆ ಕೂತ್ಕೊಳ್ಳುದು, ಅಷ್ಟೇ!" ಎಂದೆ.

"ಅಂದ್ರೆ, ಹಾಳಾಗ್ತದೆ ಅಂತ ಅವರಿಗೇ ಗೊತ್ತುಂಟು," ಎಂದಳು ನನ್ನ ಹೆಂಡತಿ ವಾಗ್ದೇವಿ. ಅವಳಿಗೆ ಆ ಹೆಸರಿಟ್ಟ ನನ್ನ ಮಾವನವರ ದೂರದೃಷ್ಟಿಗೆ ದೊಡ್ಡ ನಮಸ್ಕಾರ!

ಹಾಳಾಯಿತು. ಮೊದಲ ತಿಂಗಳಲ್ಲೇ ಹಾರನ್ನಿನ ಗಂಟಲು ಕಟ್ಟಿತು. ವೀರಾವೇಶದಿಂದ ಮಂಗಳೂರಿನ ಶೋರೂಮಿಗೆ ನುಗ್ಗಿದೆ. ಟೈ ಕಟ್ಟಿದ ಮ್ಯಾನೇಜರು ಹಾರನ್ನಿನ ಕಡೆಗೆ ನೋಡಲೇ ಇಲ್ಲ. ಗಾಡಿಗೆ ಒಂದು ಪ್ರದಕ್ಷಿಣೆ ಬಂದು ಹಿಂದಿನ ದೀಪದ ಹತ್ತಿರ ನಿಂತ.

"ಈ ಬಲ್ಬು ಯಾರು ಹಾಕಿದ್ದು ಸಾರ್?"

"ಪಾಣೆಮಂಗಳೂರಿನ ಅಬ್ದುಲ್ ರವೂಫ್. ನಮ್ಮ ಮೆಕ್ಯಾನಿಕ್."

"ಹಾಗಾದ್ರೆ ವಾರಂಟಿ ಸಿಗುದಿಲ್ಲ. ಹೊರಗಿನವರ ಕೈ ಬಿದ್ದಿದೆ."

"ಬಲ್ಬಿಗೂ ಹಾರನ್ನಿಗೂ ಎಂತ ಸಂಬಂಧ ಮಾರಾಯ?"

"ಎರಡೂ ಒಂದೇ ಗಾಡಿಯದ್ದಲ್ವಾ ಸಾರ್?"

ಹೈಕೋರ್ಟಿನಲ್ಲೂ ನಾನು ಹೀಗೆ ಬಾಯಿ ಮುಚ್ಚಿದವನಲ್ಲ! (ಹೈಕೋರ್ಟಿನ ಮೆಟ್ಟಿಲನ್ನು ನಾನು ಹತ್ತಿಯೇ ಇರಲಿಲ್ಲ, ಅದು ಬೇರೆ ವಿಷಯ.) ಹಾರನ್ನಿಗೆ ನನ್ನ ಕಿಸೆಯಿಂದಲೇ ಹಣ ಕೊಟ್ಟು ಮನೆಗೆ ಬಂದವನು ಭೀಷ್ಮನಂತೆ ಪ್ರತಿಜ್ಞೆ ಮಾಡಿದೆ: ವಾರಂಟಿ ಮುಗಿಯುವವರೆಗೆ ಈ ವ್ಯಾನಿಗೆ ಪರರ ಕೈ ಸೋಕಕೂಡದು! ಪೆಟ್ರೋಲ್ ಬಂಕಿನವನು ಪ್ರೀತಿಯಿಂದ ಗಾಜು ಒರೆಸಲು ಬಂದರೂ "ಮುಟ್ಟಬೇಡ!" ಎಂದು ಕೂಗುತ್ತಿದ್ದೆ. ರವೂಫನನ್ನು ದಾರಿಯಲ್ಲಿ ಕಂಡರೆ ಸಾಕು, ಆ ಬದಿಯ ಗಾಜು ಏರಿಸಿಬಿಡುತ್ತಿದ್ದೆ.

ಇಂಥ ಹೊತ್ತಿನಲ್ಲಿ ನನ್ನ ಅಕ್ಕ ಶಂಕರಿಯ ಮಗಳು ಮನೋರಮೆಗೆ ಮದುವೆ ನಿಶ್ಚಯವಾಯಿತು. ವರ ಬೆಳ್ತಂಗಡಿಯವನು, ಹಾಲ್ ಮೂಡಬಿದಿರೆಯಲ್ಲಿ. ನಮ್ಮಲ್ಲಿ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವ ಅಧಿಕಾರ ಸೋದರಮಾವನದ್ದು. ನನ್ನ ತಮ್ಮ ಗಜಾನನನೂ ಸೋದರಮಾವನೇ ಹೌದು, ಆದರೆ ಹಿರಿಯನಾದ ನಾನಿರುವಾಗ ಅವನಿಗೆಲ್ಲಿ ಅವಕಾಶ? ಆ ಹುಡುಗಿ ನನ್ನ ಹೆಗಲ ಮೇಲೆ ಕೂತು ಬೆಳೆದವಳು. ನನಗೆ ಹೆಣ್ಣುಮಕ್ಕಳಿಲ್ಲ. ಮಂಟಪದವರೆಗಿನ ಆ ನಾಲ್ಕು ಹೆಜ್ಜೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ ಎಂದರೆ ಸುಳ್ಳಲ್ಲ.

"ಮದುಮಗಳನ್ನು ನನ್ನ ವ್ಯಾನಿನಲ್ಲೇ ತರ್ತೇನೆ!" ಎಂದು ಅಕ್ಕನಿಗೆ ಮಾತು ಕೊಟ್ಟೆ.

ಮನೆಯಲ್ಲೇ ಅಲಂಕಾರ ಮುಗಿಸಿದ ಮನೋರಮೆ ನಡುವಿನ ಸೀಟಿನಲ್ಲಿ ಕೂತಳು. ಅವಳ ಹಿಂದೆ ಮದುವೆಮನೆಯ ಬಾಳೆಗೊನೆಗಳು. ಮುಂದೆ ನಾನು ಮತ್ತು ವಾಗ್ದೇವಿ. ಹೊಸ ಗಾಡಿಯನ್ನು ನಲವತ್ತರ ಮೇಲೆ ಓಡಿಸಬಾರದೆಂದು ಪುಸ್ತಕದಲ್ಲಿತ್ತು. ನಾನು ಸುರಕ್ಷಿತವಾಗಿ ಮೂವತ್ತರಲ್ಲಿ ಹೋದೆ. ಸಿದ್ದಕಟ್ಟೆಯ ಏರಿನಲ್ಲಿ ನಮ್ಮ ಕಡೆಯವರನ್ನು ತುಂಬಿಕೊಂಡ ಬಸ್ಸು ನಮ್ಮನ್ನು ದಾಟಿತು. ಅದನ್ನು ಓಡಿಸುತ್ತಿದ್ದವನು ಇದೇ ರವೂಫ್! ಕೈಬೀಸಿ ಧೂಳೆಬ್ಬಿಸಿ ಹೋದ.

"ಮಾವ, ಮುಹೂರ್ತ ಇವತ್ತೇ ಅಲ್ವಾ?" ಎಂದಳು ಮನೋರಮೆ ಹಿಂದಿನಿಂದ.

ಅಂತೂ ಹಾಲ್ ತಲುಪಿದೆವು. ವಾದ್ಯದವರು ಊದಿದರು. ಅಕ್ಕ ಆರತಿ ಹಿಡಿದು ನಿಂತಳು. ನಾನು ಶಾಲು ಸರಿಮಾಡಿಕೊಂಡು, ಮಹಾರಾಜನ ಠೀವಿಯಿಂದ ವ್ಯಾನಿನ ಜಾರುಬಾಗಿಲನ್ನು ಎಳೆದೆ.

ಬರಲಿಲ್ಲ! ಎರಡು ಕೈಯಲ್ಲಿ ಎಳೆದೆ. ಕಾಲು ಕೊಟ್ಟು ಎಳೆದೆ. ಬಾಗಿಲು ಬರುವ ಬದಲು ನನ್ನ ಶಾಲು ಕೆಳಗೆ ಬಂತು. ಮನೋರಮೆ ಒಳಗಿನಿಂದ ದೂಡಿದಳು. ಅವಳ ಬಳೆ ಒಡೆಯಿತೇ ಹೊರತು ಬಾಗಿಲು ಅಲುಗಲಿಲ್ಲ. ನಡುವಿನ ಸೀಟಿಗೆ ಇದ್ದದ್ದು ಅದೊಂದೇ ಬಾಗಿಲು. ಮುಂದಿನ ಸೀಟು ಹಾರಿ ಬರೋಣವೆಂದರೆ ಧಾರೆ ಸೀರೆ, ಜಡೆ ತುಂಬ ಮಲ್ಲಿಗೆ, ಹೊರಗೆ ವರನ ಕಡೆಯ ಇಡೀ ಬೆಳ್ತಂಗಡಿ!

"ವಕೀಲ್ರೇ, ಒಂದು ಸ್ಕ್ರೂಡ್ರೈವರ್ ಕೊಟ್ಟು ಎತ್ತುವನಾ?" ರವೂಫ್ ಮುಂದೆ ಬಂದ.

"ಮುಟ್ಟಬೇಡ! ವಾರಂಟಿ ಉಂಟು!"

"ಹಿಂದಿನ ಬಾಗಿಲು ಉಂಟಲ್ಲ," ಎಂದಳು ವಾಗ್ದೇವಿ. "ಬಾಳೆಗೊನೆ ಇಳಿಸುವ, ಹುಡುಗಿ ಆ ಕಡೆಯಿಂದ ಇಳಿಯಲಿ."

"ನನ್ನ ಸೊಸೆ ಎಂತ, ಬಾಳೆಗೊನೆಯಾ? ಡಿಕ್ಕಿಯಿಂದ ಇಳಿಸ್ಲಿಕ್ಕೆ? ಅವಳು ಇಳಿಯುದು ಇದೇ ಬಾಗಿಲಿನಿಂದ, ನನ್ನ ಕೈ ಹಿಡ್ಕೊಂಡು. ಈಗಲೇ ಕಂಪೆನಿಯಿಂದ ಅನುಮತಿ ತರ್ತೇನೆ!"

"ಮುಹೂರ್ತ ಹತ್ತಿರ ಬಂತು ಮಾರಾಯ್ರೇ!" ಪುರೋಹಿತರು ಒಳಗಿನಿಂದ ಕೂಗಿದರು.

"ಒಂದು ನಿಮಿಷ!" ಎಂದು ನಾನು ಎದುರಿನ ಸುಧಾಕರ ಶೆಟ್ಟರ ಹೋಟೆಲಿಗೆ ಓಡಿ ಮಂಗಳೂರಿಗೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದೆ. ಆ ಕಾಲದ ಅರ್ಜೆಂಟ್ ಎಂದರೆ ಎರಡು ಕಾಫಿ ಕುಡಿಯುವಷ್ಟು ಹೊತ್ತು. ಕುಡಿದೆ. ಕೊನೆಗೆ ಲೈನ್ ಸಿಕ್ಕಿತು.

"ಬಾಗಿಲನ್ನು ಒತ್ತಾಯದಿಂದ ಎಳೀಬೇಡಿ ಸಾರ್," ಎಂದ ಮ್ಯಾನೇಜರು. "ಗಾಡಿ ಇಲ್ಲಿಗೆ ತನ್ನಿ."

"ಒಳಗೆ ಮದುಮಗಳಿದ್ದಾಳೆ!"

"ತೊಂದರೆ ಇಲ್ಲ ಸಾರ್, ಅವರನ್ನೂ ಕರ್ಕೊಂಡು ಬನ್ನಿ."

ನನ್ನ ರಕ್ತ ಕುದಿಯಿತು. ಅಂದು ನಾನು ಮಾಡಿದ ವಾದವನ್ನು ಯಾವ ನ್ಯಾಯಾಧೀಶನೂ ಕೇಳಲಿಲ್ಲವಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ! ಒಪ್ಪಂದ, ನಂಬಿಕೆ, ನಷ್ಟ, ಹೆಣ್ಣಿನ ಬಾಳು, ಒಂದನ್ನೂ ಬಿಡಲಿಲ್ಲ. ಆತ ಸೋತ.

"ಆಯ್ತು ಸಾರ್! ಯಾರಿಂದ ಬೇಕಾದ್ರೂ ತೆಗೆಸಿ. ವಾರಂಟಿಗೆ ತೊಂದರೆ ಇಲ್ಲ. ಜವಾಬ್ದಾರಿ ನನ್ನದು."

ಬುದ್ಧಿ ಇದ್ದವನು ಅಷ್ಟಕ್ಕೆ ಫೋನ್ ಇಟ್ಟು ಓಡುತ್ತಿದ್ದ. ನಾನು ವಕೀಲ! ನಾಳೆ ಈತ ಮಾತು ತಿರುಗಿಸಿದರೆ? ಸಾಕ್ಷಿ ಬೇಡವೇ?

"ಶೆಟ್ರೇ, ಇವರು ಹೇಳುದನ್ನು ನೀವೂ ಕೇಳಿ," ಎಂದು ರಿಸೀವರನ್ನು ಅವರ ಕೈಗೆ ಕೊಟ್ಟೆ. ಶೆಟ್ಟರು ಗಂಭೀರವಾಗಿ ಎಲ್ಲ ಕೇಳಿದರು. ಕೇಳಿ ಫೋನ್ ವಾಪಸು ಕೊಡಬೇಡವೇ? "ಅದಿರ್ಲಿ, ನನಗೂ ಒಂದು ವ್ಯಾನು ಬೇಕಿತ್ತು. ಬಿಳಿ ಬಣ್ಣದ್ದು ಉಂಟಾ?" ಎಂದು ವಿಚಾರಣೆಗೆ ತೊಡಗಿದರು!

ಅವರಿಂದ ರಿಸೀವರ್ ಕಿತ್ತು, ಮ್ಯಾನೇಜರನ ಪೂರ್ತಿ ಹೆಸರು ಬರೆದುಕೊಂಡು, ರಸ್ತೆ ದಾಟಿ ಓಡಿದೆ.

"ಗೆದ್ದೆ! ರವೂಫ್, ಎತ್ತು ಬಾಗಿಲು!"

ವ್ಯಾನಿನ ಸುತ್ತ ಒಬ್ಬರೂ ಇರಲಿಲ್ಲ. ಬಾಳೆಗೊನೆಗಳು ನೆಲದ ಮೇಲೆ ಸಾಲಾಗಿ ಮಲಗಿದ್ದವು. ಹಿಂದಿನ ಬಾಗಿಲು ಆಕಾಶ ನೋಡುತ್ತಿತ್ತು. ರವೂಫ್ ಚಪ್ಪರದ ನೆರಳಿನಲ್ಲಿ ಪಾನಕ ಕುಡಿಯುತ್ತಿದ್ದ.

"ಆಗಲೇ ಇಳಿದಾಯ್ತಲ್ಲ ವಕೀಲ್ರೇ. ಹೆಂಗಸರು ಸುತ್ತ ಬಟ್ಟೆ ಹಿಡಿದು ಇಳಿಸಿದ್ರು. ನಾನು ನಿಮ್ಮ ಗಾಡಿ ಮುಟ್ಲಿಲ್ಲ, ಆಣೆ!"

ಒಳಗೆ ಗಟ್ಟಿಮೇಳ ಮೊಳಗಿತು. ಹೋಗಿ ನೋಡುತ್ತೇನೆ, ಮಂಟಪದಲ್ಲಿ ಮನೋರಮೆಯ ಪಕ್ಕ ಗಜಾನನ ನಿಂತಿದ್ದಾನೆ, ಹೊಸ ಪಂಚೆಯಲ್ಲಿ, ಮುಖ ತುಂಬ ನಗು! ಧಾರೆ ಆಗಿಹೋಗಿತ್ತು. ವಾರಂಟಿ ಭದ್ರವಾಗಿತ್ತು, ನನ್ನ ನಾಲ್ಕು ಹೆಜ್ಜೆ ಹೋಗಿತ್ತು.

"ಅನುಮತಿ ಸಿಕ್ಕಿತು," ಎಂದೆ ವಾಗ್ದೇವಿಯ ಹತ್ತಿರ ಮೆಲ್ಲಗೆ.

"ಹೌದಾ? ಊಟಕ್ಕೆ ಬಾಳೆಲೆ ಹಾಕ್ತಾ ಇದ್ದಾರೆ. ಅದಕ್ಕೂ ಒಂದು ಅನುಮತಿ ತೆಗೀತೀರಾ?"

ಅಕ್ಕ ಊಟದಲ್ಲಿ ನನ್ನ ಮುಖವನ್ನೇ ನೋಡಲಿಲ್ಲ. ಹೋಳಿಗೆ ರುಚಿಸಲಿಲ್ಲ. ಆದರೆ ನಾನು ಅಷ್ಟಕ್ಕೇ ಕುಗ್ಗುವ ಜಾತಿಯಲ್ಲ! ಸಂಜೆ ಮದುಮಗಳು ಗಂಡನ ಮನೆಗೆ ಹೊರಡುವ ಹೊತ್ತಿಗೆ ಮೆಲ್ಲಗೆ ವ್ಯಾನಿನ ಬಾಗಿಲಿಗೆ ಒಂದು ಬೆರಳು ಹಚ್ಚಿದೆ. ಬೆಣ್ಣೆಯ ಹಾಗೆ ಜಾರಿತು! ಏನೂ ನಡೆದೇ ಇಲ್ಲವೆಂಬಂತೆ ಕೊನೆಯವರೆಗೆ ಹೋಗಿ ನಿಂತಿತು. ನನ್ನ ಎದೆ ಮತ್ತೆ ಉಬ್ಬಿತು.

"ಮನೋರಮಾ, ಬಾ ಮಗಾ! ಮಂಟಪಕ್ಕೆ ಕರ್ಕೊಂಡು ಬರ್ಲಿಕ್ಕೆ ಆಗ್ಲಿಲ್ಲ. ಬೆಳ್ತಂಗಡಿಗಾದ್ರೂ ನಾನೇ ಬಿಡ್ತೇನೆ. ಬಾಗಿಲು ನೋಡು, ಎಷ್ಟು ನಯ!"

ಅವಳು ಬಾಗಿಲನ್ನು ನೋಡಿದಳು. ನನ್ನನ್ನು ನೋಡಿದಳು. ಹತ್ತಿರ ಬಂದು ಕಾಲಿಗೆ ನಮಸ್ಕಾರ ಮಾಡಿ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ವರನ ಕಡೆಯವರ ದಿಬ್ಬಣದ ಬಸ್ಸಿನತ್ತ ಎಳೆದಳು. ಬಣ್ಣ ಹೋದ, ಕಿಟಕಿ ಗಡಗಡ ಎನ್ನುವ, ಯಾವ ಕಾಲದ್ದೋ ಹಳೇ ಬಸ್ಸು!

"ನೀವೂ ನಮ್ಮೊಟ್ಟಿಗೆ ಇದರಲ್ಲೇ ಬನ್ನಿ ಮಾವ. ನನ್ನ ಹತ್ತಿರವೇ ಕೂತ್ಕೊಳ್ಳಿ."

"ಈ ಡಬ್ಬದಲ್ಲಾ? ನನ್ನ ವ್ಯಾನಿನಲ್ಲಿ ಇಲ್ಲದ್ದು ಇದರಲ್ಲಿ ಎಂತ ಉಂಟು ಮಾರಾಯ್ತಿ?"

"ಇರುದು ಎಂತದೂ ಇಲ್ಲ ಮಾವ," ಎಂದಳು ಮನೋರಮೆ, ಮೆಟ್ಟಿಲು ಹತ್ತುತ್ತಾ. "ಇದಕ್ಕೆ ಬಾಗಿಲೇ ಇಲ್ಲ!"